ಥಲಸ್ಸೀಮಿಯಾ: ಹಿಮೋಗ್ಲೋಬಿನ್ ಉತ್ಪಾದನೆ ಮತ್ತು ಕಬ್ಬಿಣಾಂಶ

ಬೀಟಾ ಥಲಸ್ಸೀಮಿಯಾವು ತಂದೆತಾಯಿಗಳಿಂದ ಮಕ್ಕಳಿಗೆ ಬರುವ ಆನುವಂಶಿಕ ರಕ್ತಹೀನತೆಯಾಗಿದೆ. ಇದರಲ್ಲಿ ಹಿಮೋಗ್ಲೋಬಿನ್‌ನ ಒಂದು ಘಟಕವಾದ ಬೀಟಾ ಗ್ಲೋಬಿನ್ ಸಾಕಷ್ಟು ಉತ್ಪತ್ತಿಯಾಗುವುದಿಲ್ಲ. ಈ ಕೊರತೆಯನ್ನು ತುಂಬಲು ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಅಧಿಕವಾಗಿ ಸ್ರವಿಸಿ, ಕೆಂಪು ರಕ್ತಕಣಗಳನ್ನು ಹೆಚ್ಚಿಸುವಂತೆ ಅಸ್ಥಿಮಜ್ಜೆಯನ್ನು ಪ್ರಚೋದಿಸುತ್ತವೆ. ಆದರೆ ಅನೇಕ ಕಣಗಳು ಬಲಿಯುವ ಮೊದಲೇ ನಾಶವಾಗುತ್ತವೆ. ಎಳೆಯ ಕಣಗಳು ಸ್ರವಿಸುವ ಎರಿಥ್ರೊಫೆರೋನ್ (2014ರಲ್ಲಿ ಗುರುತಿಸಲಾಯಿತು) ಯಕೃತ್ತಿನ ಹೆಪ್ಸಿಡಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಇದರಿಂದ ಕರುಳು ಅಗತ್ಯಕ್ಕಿಂತ ಹೆಚ್ಚು ಕಬ್ಬಿಣಾಂಶವನ್ನು ಹೀರಿಕೊಳ್ಳುತ್ತದೆ. ಪದೇ ಪದೇ ರಕ್ತ ಪಡೆಯುವವರಲ್ಲಿ ಈ ಶೇಖರಣೆ ಮತ್ತಷ್ಟು ಹೆಚ್ಚಿ, ಹೃದಯ ಹಾಗೂ ಯಕೃತ್ತಿಗೆ ಹಾನಿಯುಂಟಾಗುತ್ತದೆ. ಆದುದರಿಂದ ಥಲಸ್ಸೀಮಿಯಾ ಇರುವವರು ವೈದ್ಯರ ಸಲಹೆಯಿಲ್ಲದೆ ಕಬ್ಬಿಣಾಂಶದ ಮಾತ್ರೆಗಳನ್ನು ಸೇವಿಸಬಾರದು.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ಅನುಸೂಚಿಯಲ್ಲಿ ಥಲಸ್ಸೀಮಿಯಾ ಸೇರಿರುತ್ತದೆ. ಬಾಧಿತರು ನಿಯಮಾನುಸಾರ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು.