ಒಂದೇ ಒಂದು ಪದ ಬಾಕಿ

ಹೋದ ತಿಂಗಳು ಒಬ್ಬ ಹುಡುಗನ ಇಂಟರ್‌ವ್ಯೂ ಮಾಡಿದೆ. ಲೆಕ್ಕದ ದಾರಿ ಸರಿಯಾಗೇ ಹಿಡಿದಿದ್ದ, ಆದ್ರೆ 45 ನಿಮಿಷ ಮುಗಿದಾಗ ಕೋಡ್ ಇನ್ನೂ ಅರ್ಧ. 'ರಿಜೆಕ್ಟ್' ಒತ್ತಿ ಊಟಕ್ಕೆ ಹೋದೆ. ಆಮೇಲೆ ಯಾಕೋ ಸ್ಟಾನ್ಲಿ ಸೆಡ್ಜ್‌ವಿಕ್ ನೆನಪಾದ.

1942ರ ಜನವರಿ, ಲಂಡನ್. 'ಡೈಲಿ ಟೆಲಿಗ್ರಾಫ್' ಪತ್ರಿಕೆಯ ಪದಬಂಧ ತೀರಾ ಸುಲಭ ಅಂತ ತಕರಾರು ಎದ್ದು, 12 ನಿಮಿಷದೊಳಗೆ ಬಿಡಿಸೋರು ಬನ್ನಿ ಅಂತ ಪಂದ್ಯವೇ ಏರ್ಪಟ್ಟಿತು. ಪತ್ರಿಕೆಯ ಕಚೇರಿಯಲ್ಲಿ ಸುಮಾರು 25 ಜನ ಕೂತರು. ಲೆಕ್ಕಪತ್ರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಸೆಡ್ಜ್‌ವಿಕ್‌ಗೆ ಗಂಟೆ ಹೊಡೆದಾಗ ಒಂದು ಪದ ಬಾಕಿ ಇತ್ತು. ಸೋತ.

ಕೆಲವು ವಾರ ಬಿಟ್ಟು ಅವನ ಮನೆಗೆ ಸರ್ಕಾರದಿಂದ ಗೋಪ್ಯ ಪತ್ರ ಬಂತು. ಜರ್ಮನರ ಗುಪ್ತ ಸಂಕೇತ ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕಿಗೆ ಜನ ಬೇಕಾಗಿತ್ತು, ಅದೂ ತುರ್ತಾಗಿ. ಅಟ್ಲಾಂಟಿಕ್‌ನಲ್ಲಿ ದಿನಾ ಹಡಗು ಮುಳುಗುತ್ತಿದ್ದ ಕಾಲ. ಹಾಗಂತ ಪದಬಂಧ ನೋಡಿ ಕುರ್ಚಿ ಕೊಡಲಿಲ್ಲ. ಕರೆಸಿ ಮಾತಾಡಿಸಿದರು, ಬೆಡ್‌ಫರ್ಡ್‌ನಲ್ಲಿ ತರಬೇತಿ ಕೊಟ್ಟರು, ಆಮೇಲೆ ಜರ್ಮನರ ಹವಾಮಾನ ಸಂಕೇತಗಳ ಕೆಲಸಕ್ಕೆ ಹಚ್ಚಿದರು. ಯಾರನ್ನು ಕರೀಬೇಕು ಅನ್ನೋದಕ್ಕೆ 12 ನಿಮಿಷ ಸಾಕಾಯ್ತು. ಯಾರನ್ನು ಇಟ್ಕೋಬೇಕು ಅನ್ನೋದಕ್ಕೆ ಸಾಲಲಿಲ್ಲ.

ಅದೇ ವರ್ಷ ಅದೇ ಬ್ಲೆಚ್ಲಿಗೆ ಜಾನ್ ಕೇರ್ನ್‌ಕ್ರಾಸ್ ಅನ್ನೋನೂ ಬಂದ. 1936ರಲ್ಲಿ ಬ್ರಿಟನ್ನಿನ ವಿದೇಶಾಂಗ ಸೇವೆ, ಗೃಹ ನಾಗರಿಕ ಸೇವೆ ಎರಡರ ಪರೀಕ್ಷೆಯಲ್ಲೂ ಮೊದಲ ಸ್ಥಾನ ಪಡೆದವನು. ಇಂಥ ರೆಸ್ಯೂಮೆ ಕಂಡರೆ ನಾವೂ ಕಣ್ಣು ಮುಚ್ಚಿ ಆಫರ್ ಕೊಡ್ತೀವಿ. ಆದರೆ ಅವನು ಸೋವಿಯತ್ ಗೂಢಚಾರ. ಒಡೆದ ಜರ್ಮನ್ ಸಂದೇಶಗಳನ್ನು ಸದ್ದಿಲ್ಲದೆ ಅವರಿಗೆ ದಾಟಿಸುತ್ತಿದ್ದ. ಅಷ್ಟು ಕಠಿಣ ಪರೀಕ್ಷೆ ಬುದ್ಧಿ ಅಳೆದಿತ್ತು, ಮನುಷ್ಯನನ್ನು ಅಳೆದಿರಲಿಲ್ಲ. ಇನ್ನೂ ನಾಲ್ಕು ಪರೀಕ್ಷೆ ಇಟ್ಟಿದ್ದರೂ ಅವನು ಮೊದಲನೇ ಸ್ಥಾನವನ್ನೇ ಪಡೀತಿದ್ದ ಅನ್ಸುತ್ತೆ. ನಾವು ಆರು ರೌಂಡ್‌ನಲ್ಲಿ ಒಂದೇ ಥರದ ಪ್ರಶ್ನೆ ಕೇಳಿ, ಕೂಲಂಕಷವಾಗಿ ನೋಡಿದ್ವಿ ಅಂದ್ಕೊಳ್ಳೋದೂ ಇದೇ ಕಥೆ.

ನಮ್ಮಪ್ಪ ಜಾತ್ರೆಯಲ್ಲಿ ಎತ್ತು ಕೊಳ್ಳೋವಾಗ ಹಲ್ಲು, ಸುಳಿ ನೋಡೋಕೆ ಐದು ನಿಮಿಷ ತಗೋತಿರಲಿಲ್ಲ. ಮುಂಗಡ ಕೊಟ್ಟುಬಿಡ್ತಿದ್ದರು. ಆದರೆ ನೊಗ ಕಟ್ಟಿ ನಾಲ್ಕು ಸಾಲು ಹೊಡೆಸಿ ನೋಡದೆ ಪೂರ್ತಿ ದುಡ್ಡು ಎಣಿಸಿದ್ದು ನಾನು ಕಾಣೆ.

ನಿನ್ನೆ ಎಚ್ಆರ್‌ಗೆ ಹೇಳಿ ಆ ಹುಡುಗನಿಗೆ ಫೋನ್ ಮಾಡಿಸಿದೆ. ಒಂದು ದಿನ ನಮ್ಮ ಜೊತೆ ಕೂತು ನಿಜವಾದ ಕೆಲಸ ಮಾಡಲಿ, ನೋಡೋಣ ಅಂತ. ಬೇರೆ ಕಡೆ ಸೇರಿ ವಾರ ಆಯ್ತಂತೆ.