ಗಾಳಿಯಿಲ್ಲದ ಕಡಲಲ್ಲಿ ಮೂರು ತಿಂಗಳು

ವಾಸ್ಕೋ ಡ ಗಾಮನು 1498ರ ಮೇ ತಿಂಗಳಲ್ಲಿ ಕಲ್ಲಿಕೋಟೆಗೆ ಬಂದನೆಂಬುದನ್ನು ನನ್ನ ಹಳೆಯ ವಿದ್ಯಾರ್ಥಿಗಳೆಲ್ಲ ಬಾಯಿಪಾಠ ಮಾಡಿದ್ದೀರಿ. ಅವನು ಹಿಂದಿರುಗಿದ ಕಥೆಯನ್ನು ತರಗತಿಯಲ್ಲಿ ವಿವರವಾಗಿ ಹೇಳಲು ಸಮಯ ಸಿಗುತ್ತಿರಲಿಲ್ಲ. ಆದರೆ ನನಗೆ ಹೆಚ್ಚು ಕಾಡಿದ್ದು ಅದೇ.

ಬರುವಾಗ ಆಫ್ರಿಕದ ಮಾಲಿಂದಿಯಿಂದ ಕಲ್ಲಿಕೋಟೆಗೆ ಹಿಡಿದದ್ದು ಸುಮಾರು 26 ದಿನ. ಗಾಳಿ ಅನುಕೂಲವಾಗಿತ್ತು, ಆ ಕಡಲನ್ನು ಬಲ್ಲ ನಾವಿಕನೊಬ್ಬ ಜೊತೆಗಿದ್ದನು. ಮರಳುವಾಗ ಗಾಮನು ನಮ್ಮ ಕಾರವಾರದ ಸಮೀಪದ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ದುರಸ್ತಿ ಮಾಡಿಸಿ, ಅಕ್ಟೋಬರ್ 5ರಂದೇ ಹೊರಟುಬಿಟ್ಟನು. ಪಶ್ಚಿಮಕ್ಕೆ ಒಯ್ಯುವ ಈಶಾನ್ಯ ಮಾರುತವು ನೆಲೆಗೊಳ್ಳಲು ಇನ್ನೂ ಕೆಲವು ವಾರಗಳು ಬೇಕಾಗಿದ್ದವು. ಕರಾವಳಿಯಲ್ಲಿ ತನ್ನ ಮೇಲೆ ದಾಳಿಯ ಸಂಚು ನಡೆದಿದೆಯೆಂಬ ಭಯ ಅವನಿಗಿತ್ತು, ನಿಜ. ಆದರೂ ಗಾಳಿಗೆ ಯಾರ ಅವಸರ ತಿಳಿಯುತ್ತದೆ? ಕಣದಲ್ಲಿ ಜೋಳದ ರಾಶಿ ತೂರಲು ಮೊರ ಹಿಡಿದು ಕಾದು ನಿಂತ ನಮ್ಮ ಸಾಲಗುಂದದ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿ ಸತ್ತ ಕಡಲಿನಲ್ಲಿ ಹಾಯಿಗಳು ಜೋತುಬೀಳುತ್ತವೆ. ಇಂದಿನ ಪಂದ್ಯದ ಹಾಯಿದೋಣಿಯವರು ಅದಕ್ಕೂ ಒಂದು ವಿದ್ಯೆಯನ್ನು ಕಂಡುಕೊಂಡಿದ್ದಾರೆ. ಎಲ್ಲರೂ ಗಾಳಿಯ ಮರೆಯ ಬದಿಗೆ ಸರಿದು ಕುಳಿತು ದೋಣಿಯನ್ನು ತುಸು ವಾಲಿಸುತ್ತಾರೆ. ಆಗ ಹಾಯಿಯು ತನ್ನ ಭಾರದಿಂದಲೇ ಆಕಾರ ತಾಳುತ್ತದೆ. ಚುಕ್ಕಾಣಿಯನ್ನು ಹೆಚ್ಚು ತಿರುಗಿಸಿದರೆ ಅದೇ ತಡೆಯಾಗುವುದರಿಂದ ಕೈಯನ್ನು ಹದವಾಗಿಡುತ್ತಾರೆ. ಬೆಕ್ಕಿನಂತೆ ನಡೆಯುತ್ತಾರೆ. ನೀರಿನ ಮೇಲೆ ಎಲ್ಲಿ ಕಪ್ಪನೆಯ ತೆರೆಗಳು ಮೂಡಿದವೆಂದು ನೋಡುತ್ತ ಕೂರುತ್ತಾರೆ. ಗಾಳಿ ಬರುವುದು ಅಲ್ಲಿಂದ. ಒಂಟಿಯಾಗಿ ಭೂಮಿಯನ್ನು ಸುತ್ತುವ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ 2023ರ ಏಪ್ರಿಲ್ 29ರಂದು ಎರಡನೆಯವನಾಗಿ ಗುರಿ ಮುಟ್ಟಿದ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ, ಭೂಮಧ್ಯರೇಖೆಯ ಬಳಿಯ ನಿರ್ವಾತ ವಲಯವನ್ನು ಹೀಗೆ ತಾಳ್ಮೆಯಿಂದಲೇ ದಾಟಬೇಕಾಯಿತು. ಮೊದಲಿಗಳಾದ ಕರ್ಸ್ಟನ್ ನಾಯ್‌ಶೇಫರ್ ಬಂದದ್ದು ಕೇವಲ ಎರಡು ದಿನ ಮುಂಚೆ, ಏಪ್ರಿಲ್ 27ರಂದು.

ಗಾಮನ ಭಾರವಾದ ಹಡಗುಗಳಿಗೆ ಈ ಉಪಾಯಗಳು ಒದಗುವಂತಿರಲಿಲ್ಲ. ನಿಶ್ಚಲ ಕಡಲು, ಇಲ್ಲವೇ ಎದುರುಗಾಳಿ. ತಾಜಾ ಹಣ್ಣು-ತರಕಾರಿಗಳಿಲ್ಲದೆ ನಾವಿಕರ ಒಸಡುಗಳು ಬಾತು, ಹಲ್ಲುಗಳನ್ನು ಮುಚ್ಚಿದವು, ಕಾಲುಗಳು ಊದಿದವು. ಸ್ಕರ್ವಿ ರೋಗದಿಂದ ಈ ಯಾನದಲ್ಲಿ ಮೂವತ್ತು ಮಂದಿ ಸತ್ತರು. ಒಂದೊಂದು ಹಡಗಿನಲ್ಲಿ ಕೆಲಸ ಮಾಡಬಲ್ಲವರು ಏಳೆಂಟು ಜನರಷ್ಟೇ ಉಳಿದರು. 1499ರ ಜನವರಿ 2ರಂದು ಮೊಗದಿಶು ಪಟ್ಟಣ ಕಣ್ಣಿಗೆ ಬೀಳುವ ಹೊತ್ತಿಗೆ ಮೂರು ತಿಂಗಳಿಗೆ ಮೂರೇ ದಿನ ಕಡಿಮೆಯಾಗಿತ್ತು. ಮುಂದೆ ಮೂರು ಹಡಗುಗಳನ್ನು ನಡೆಸಲು ಆಳುಗಳೇ ಸಾಲದೆ, ಸಾವೊ ರಫಾಯೆಲ್ ಎಂಬ ಹಡಗನ್ನು ಮೊಂಬಾಸದ ಸಮೀಪ ಅವರೇ ಸುಟ್ಟುಹಾಕಿದರು.