ಮುದಗಲ್ಲಿನ ದೇವಾಲಯ ಮತ್ತು ನೆರೆಯವನ ಪಾಲು



ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ 1557ಕ್ಕೂ ಮೊದಲೇ ಯೇಸುಸಭೆಯ ಗುರುಗಳು ಕಟ್ಟಿಸಿದ ದೇವಾಲಯವಿತ್ತೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಸಂತ ಫ್ರಾನ್ಸಿಸ್ ಝೇವಿಯರ್ ತೀರಿಕೊಂಡದ್ದು 1552ರಲ್ಲಿ. ನಮ್ಮ ಈ ಸೀಮೆಯ ವಿಶ್ವಾಸ ಅಷ್ಟು ಹಳೆಯದು.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲಕ್ಕಾಗಿ ಆಗ ವಿಜಯನಗರವೂ ಬಿಜಾಪುರವೂ ಹೊಡೆದಾಡುತ್ತಿದ್ದವು. 1565ರ ಯುದ್ಧದ ಮೇಲೆ ಇದು ಬಿಜಾಪುರದ್ದಾಯಿತು. ಅನಂತರ ಮೊಘಲರು, ಕೊನೆಗೆ 1948ರವರೆಗೆ ನಿಜಾಮರು. 1853ರಿಂದ 1860ರವರೆಗಿನ ಬ್ರಿಟಿಷ್ ಆಡಳಿತವನ್ನು ಬಿಟ್ಟರೆ ಇಲ್ಲಿ ಕ್ರೈಸ್ತ ಪ್ರಭುತ್ವ ಎಂಬುದೇ ಇರಲಿಲ್ಲ. ಹಾಗಾದರೆ ಆ ಸಣ್ಣ ಕ್ರೈಸ್ತ ಸಮುದಾಯ ಉಳಿದದ್ದು ಹೇಗೆ? ಹಿಂದೂ ಮುಸ್ಲಿಂ ನೆರೆಹೊರೆಯವರು ಜಾಗ ಕೊಟ್ಟರು, ಇರಗೊಟ್ಟರು. ಇಂದಿಗೂ ಮುದಗಲ್ಲಿನ ಮೊಹರಂ ಹಬ್ಬದಲ್ಲಿ ಹಿಂದೂಗಳು ಕೂಡಿ ನಡೆಯುತ್ತಾರೆ. ಊರಿನ ಗುಣವೇ ಹಾಗೆ. ಧರ್ಮಸಭೆಯ ಆಸ್ತಿಯ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು. ನಾವು ನೆರೆಯವನಿಗೆ ಕೊಡುವ ಮೊದಲೇ ನೆರೆಯವನು ನಮಗೆ ಕೊಟ್ಟಿದ್ದಾನೆ.

ಕ್ರಿ.ಶ. 378ರ ಏಡ್ರಿಯಾನೋಪಲ್ ಯುದ್ಧದ ಬಳಿಕ ಗಾತರು ಸಾವಿರಾರು ಜನರನ್ನು ಸೆರೆಹಿಡಿದು ಒಯ್ದರು. ಮಿಲಾನಿನ ಧರ್ಮಾಧಿಕಾರಿ ಸಂತ ಆಂಬ್ರೋಸರು ಪವಿತ್ರ ಪಾತ್ರೆಗಳನ್ನೇ ಕರಗಿಸಿ, ಆ ಹಣದಿಂದ ಸೆರೆಯಾಳುಗಳನ್ನು ಬಿಡಿಸಿದರು. ವಿರೋಧಿಗಳು ಬಿಡುತ್ತಾರೆಯೇ? ದೇವರ ವಸ್ತುವನ್ನು ಹಾಳುಮಾಡಿದರೆಂದು ದೂರಿದರು. ಚಿನ್ನವನ್ನು ಉಳಿಸುವುದಕ್ಕಿಂತ ಆತ್ಮಗಳನ್ನು ಉಳಿಸುವುದು ಮೇಲೆಂದು ಅವರು ನಾಚಿಕೆಯಿಲ್ಲದೆ ಉತ್ತರಿಸಿದರು. ಪೂಜಾಪಾತ್ರೆಗೇ ಈ ನ್ಯಾಯವಾದರೆ ನಮ್ಮ ಸಭಾಭವನ, ಶಾಲೆಯ ಕೊಠಡಿ, ಬ್ಯಾಂಕಿನ ಠೇವಣಿಗಳ ಮಾತೇನು? 1983ರ ಧರ್ಮಸಭೆಯ ಕಾನೂನು ಸಂಹಿತೆ ಕೂಡ (1254ನೆಯ ನಿಯಮ) ಆಸ್ತಿಯ ಉದ್ದೇಶಗಳಲ್ಲಿ ಆರಾಧನೆ, ಗುರುಗಳ ಜೀವನಾಧಾರದ ಜೊತೆಗೆ ಬಡವರ ಸೇವೆಯನ್ನು ಎತ್ತಿ ಹೇಳುತ್ತದೆ.

ಇನ್ನು ನಮ್ಮ ನೆರೆಯವನು ಯಾರು? 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಹರಿದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಕ್ಯಾಂಪುಗಳೂ ಅದೇ ತಾಲ್ಲೂಕಿನಲ್ಲಿವೆ. ಪಕ್ಕದ ಮಸ್ಕಿಯಲ್ಲೋ, ಪಾಮನಕಲ್ಲೂರಿನ ರೈತರು 5ಎ ಕಾಲುವೆಯ ನೀರಿಗಾಗಿ 2020-21ರಲ್ಲಿ ತಿಂಗಳುಗಟ್ಟಲೆ ಧರಣಿ ಕೂತರು. ಮಳೆ ಕೈಕೊಟ್ಟ ವರ್ಷ ಲಿಂಗಸುಗೂರಿನ ಒಣಭೂಮಿಯ ಹಳ್ಳಿಗಳಿಂದ ಕುಟುಂಬಗಳು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತವೆ. ಆ ಮಕ್ಕಳ ಶಾಲೆ ಅಲ್ಲಿಗೇ ನಿಂತಿತು. ಹಬ್ಬದ ಬಾಜಾಬಜಂತ್ರಿ, ದೀಪಾಲಂಕಾರ ಬೇಡವೆಂದು ನಾನು ಹೇಳುವುದಿಲ್ಲ. ಬಡವನಿಗೂ ಹಬ್ಬ ಬೇಕು. ಆದರೆ ಆ ಮಕ್ಕಳು ಊರಲ್ಲೇ ಉಳಿದು ಓದಲು ಒಂದು ಕೊಠಡಿ, ಒಪ್ಪೊತ್ತಿನ ಊಟ ನಮ್ಮಿಂದ ಆಗದೆ?

ಲೆಕ್ಕ ಬರೆಯುವವರು ಯಾರು ಎಂಬುದೂ ದೊಡ್ಡ ವಿಷಯ. ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯವನ್ನು ತೆರೆದು ನೋಡಿ. ದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಿದ್ದಾರೆಂದು ಗೊಣಗಾಟ ಎದ್ದಿತು. ಪ್ರೇಷಿತರು ಯಾರನ್ನೂ ಗದರಲಿಲ್ಲ. ಏಳು ಮಂದಿಯನ್ನು ಆರಿಸಿಕೊಳ್ಳಲು ಹೇಳಿದರು. ಸ್ತೆಫಾನನಿಂದ ನಿಕೊಲಾಯನವರೆಗೆ ಏಳೂ ಗ್ರೀಕ್ ಹೆಸರುಗಳೇ! ದೂರು ಹೇಳಿದವರ ಕಡೆಯವರಿಗೇ ಹಂಚಿಕೆಯ ಹೊಣೆ ಸಿಕ್ಕಿತು.

ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು 537ನೆಯ ನಿಯಮ ಹೇಳುತ್ತದೆ. ನಿಮ್ಮ ಸಮಿತಿಯಲ್ಲಿ ಗುಳೆ ಹೋಗಿ ಬಂದ ಮನೆಯವರು ಎಷ್ಟು ಮಂದಿ ಇದ್ದಾರೆ?